ಮೂವತ್ಮೂರು ಅಡಿ ಹಗ್ಗ

ಭಾಲ್ಕಿ ಕಡೆಯ ಒಂದು ಹೊಲ. ತೊಗರಿ ಸಾಲುಗಳ ನಡುವೆ ಉದ್ದು ಮೊಣಕಾಲೆತ್ತರ ಬಂದಿತ್ತು. ಐದನೆಯ ತರಗತಿಯ ಮೊಮ್ಮಗಳ ಕೈಗೆ ಹಗ್ಗದ ಒಂದು ತುದಿ ಕೊಟ್ಟು, ಇನ್ನೊಂದು ತುದಿ ಹಿಡಿದುಕೊಂಡು ಮುತ್ಯಾ ಬದುವಿನ ಮೇಲೆ ನಡೆಯುತ್ತಿದ್ದರು. “ಮೂವತ್ಮೂರು ಫೂಟ್ ಅದ ನೋಡವ್ವಾ. ನಾಕೂ ಕಡಿ ಹಿಂಗೇ ಅಳದ್ರ ಒಂದು ಗುಂಟಾ. ಅಂಥಾವು ನಲವತ್ತು ಆದ್ರ ಎಕರೆ.” ಹುಡುಗಿ ಕಡ್ಡಿ ತಗೊಂಡು ಮಣ್ಣಿನ ಮೇಲೆ ಲೆಕ್ಕ ಬರೆದಳು: 1089 ಚದರ ಅಡಿ. ನಲವತ್ತರಿಂದ ಗುಣಿಸಿ 43,560 ಅಂದಾಗ ಮುತ್ಯಾನ ಮುಖ ಅರಳಿತು. ಅವರು ಶಾಲೆ ಕಂಡವರಲ್ಲ. ಆ ಸಂಖ್ಯೆ ಅವರಿಗೂ ಹೊಸದು. ಹಗ್ಗ ಹಳೆಯದು.

ಅಷ್ಟಕ್ಕೇ ಪಾಠ ಮುಗಿಯಲಿಲ್ಲ. ಉದ್ದಿನ ಗಿಡವೊಂದನ್ನು ಬೇರುಸಮೇತ ಕಿತ್ತು, ಬೇರಿಗೆ ಅಂಟಿದ ಸಣ್ಣ ಗಂಟುಗಳನ್ನು ಉಗುರಿನಿಂದ ಸೀಳಿ ತೋರಿಸಿದರು. ಒಳಗೆ ಗುಲಾಬಿ ಬಣ್ಣ. ಗಾಳಿಯಲ್ಲಿರುವ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುವ ಸೂಕ್ಷ್ಮಜೀವಿಗಳು ಆ ಗಂಟುಗಳಲ್ಲಿವೆ, ಗುಲಾಬಿ ಇದ್ದರೆ ಕೆಲಸ ನಡೆದಿದೆ ಎಂದರ್ಥ. ಮುತ್ಯಾ ಹೇಳಿದ್ದು ಇಷ್ಟೇ: “ಉದ್ದು ಹಾಕಿದ ಹೊಲ ಮುಂದಿನ ಬೆಳಿಗಿ ಕಸುವು ಕೊಡ್ತದ.” ಪುಸ್ತಕದ ಮಾತು ಮತ್ತು ಮುತ್ಯಾನ ಮಾತು ಆ ಹುಡುಗಿಯ ಅಂಗೈಯಲ್ಲಿ ಒಂದಾದವು.

ಹೊಲದ ಮನೆಯಲ್ಲಿ ಬೆಳೆಯುವ ಮಗುವಿಗೆ ಇಂಥದ್ದು ದಿನಾ ಸಿಗುತ್ತದೆ. ಮಿರಗದ ಮಳೆ ಬಂದರೆ ಬಿತ್ತನೆ, ಹಸ್ತದ ಹೊತ್ತಿಗೆ ಬಿಳಿಜೋಳ. ಇದು ಪಂಚಾಂಗ, ಇದೇ ಹವಾಮಾನದ ಪಾಠ. ಕೊಟ್ಟಿಗೆಯಲ್ಲಿ ದೇವಣಿ ಆಕಳಿದ್ದರೆ ಮೈಯೆಲ್ಲ ಬಿಳಿ ಇರುವುದು ಬಾಲಂಕ್ಯಾ, ಮುಖದ ಪಕ್ಕ ಕಪ್ಪಿದ್ದರೆ ವಾನೆರಾ, ಮೈಮೇಲೆ ಕಪ್ಪು ಮಚ್ಚೆಯಿದ್ದರೆ ಶೇವರಾ ಎಂದು ಆರು ವರ್ಷದ ಹುಡುಗನೂ ಗುರುತಿಸುತ್ತಾನೆ. ತೊಗರಿಗೆ ಕಾಯಿಕೊರಕ ಬಿದ್ದಾಗ ಗಿಡದ ಕೆಳಗೆ ಬಟ್ಟೆ ಹಿಡಿದು ಅಲುಗಿಸಿ ಹುಳ ಉದುರಿಸುವುದನ್ನು ನೋಡಿದವನಿಗೆ ಕೀಟದ ಬದುಕು ಬೇರೆ ಹೇಳಿಕೊಡಬೇಕಿಲ್ಲ. ಔರಾದ್ ಕಡೆ ಹೋದರೆ ಇನ್ನೂ ಒಂದು ಸಿರಿ: ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ, ಬೀದರ್ ಪೇಟೆಗೆ ಬಂದರೆ ದಖನಿ. ಮಕ್ಕಳು ಮೂರನ್ನೂ ಆಡುತ್ತಲೇ ಕಲಿಯುತ್ತಾರೆ.

ಈ ನೆಲಕ್ಕೆ ಕಲಿಕೆ ಹೊಸದಲ್ಲ. 1472ರಲ್ಲಿ ಬಹಮನಿ ಮಂತ್ರಿ ಮಹಮೂದ್ ಗವಾನ್ ಕಟ್ಟಿಸಿದ ಮದರಸಾ ಬೀದರಿನಲ್ಲಿ ಇಂದಿಗೂ ನಿಂತಿದೆ, ದೂರದೂರದ ವಿದ್ವಾಂಸರು ಅಲ್ಲಿಗೆ ಬರುತ್ತಿದ್ದರು. ಆದರೆ ನಿಜಾಮರ ಕಾಲದಲ್ಲಿ ಒಕ್ಕಲು ಮಕ್ಕಳಿಗೆ ಅವರ ಮಾತಿನಲ್ಲೇ ಓದು ಸಿಗುವುದು ಕಷ್ಟವಾಗಿತ್ತು. ಸರಕಾರದ ಭಾಷೆ ಉರ್ದು. ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದರು. ನಿಜಾಮರ ಆಳ್ವಿಕೆ ಕೊನೆಗೊಂಡ 1948ರ ಸೆಪ್ಟೆಂಬರಿಗೆ ಮುಂಚಿನ ಆ ದಿನಗಳಲ್ಲಿ ಎಷ್ಟೋ ಮನೆಗಳಲ್ಲಿ ಕನ್ನಡ ಉಳಿದದ್ದು ಬೀಸುಕಲ್ಲಿನ ಮುಂದೆ ಅವ್ವನ ಹಾಡಿನಲ್ಲಿ, ರಾಶಿಯ ಕಣದ ಹಂತಿ ಹಾಡಿನಲ್ಲಿ.

ಹಾಗೆಂದು ಹೊಲವೇ ಶಾಲೆ ಎಂದು ಮಕ್ಕಳನ್ನು ಮನೆಯಲ್ಲಿ ಇಟ್ಟುಕೊಳ್ಳಿ ಎಂದು ನಾನು ಹೇಳಲಾರೆ. ಕಬ್ಬು ಕಡಿಯಲು ಹೋದ ಅಪ್ಪ-ಅವ್ವನ ಹಿಂದೆ ಗುಡಿಸಲು ಕಾಯುತ್ತ ಕೂತ ಮಗುವೂ ಹೊಲದಲ್ಲೇ ಇರುತ್ತದೆ, ಅದಕ್ಕೆ ಯಾರೂ ಏನೂ ಹೇಳಿಕೊಡುವುದಿಲ್ಲ. ಆರರಿಂದ ಹದಿನಾಲ್ಕು ವರ್ಷದವರೆಗೆ ಶಿಕ್ಷಣ ಮಗುವಿನ ಹಕ್ಕು ಎಂಬ ಕಾನೂನು 2010ರ ಏಪ್ರಿಲ್ 1ರಂದು ಜಾರಿಗೆ ಬಂತು. ಅದು ಬೇಕೇ ಬೇಕು. ಮನೆಯ ಕೆಲಸಕ್ಕೆ ಕೈಹಚ್ಚುವುದಿದ್ದರೂ ಅದು ಶಾಲೆ ಬಿಟ್ಟ ಮೇಲೆ, ರಜೆಯಲ್ಲಿ ಮಾತ್ರ.

ದುಡಿಸುವುದಕ್ಕೂ ಕಲಿಸುವುದಕ್ಕೂ ನಡುವೆ ಇರುವುದು ಒಂದೇ ಅಂತರ. ಕಲಿಸುವವರು ಮಗುವಿನ ಪ್ರಶ್ನೆಗೆ ನಿಲ್ಲುತ್ತಾರೆ. “ಯಾಕ?” ಎಂದು ಕೇಳಿದಾಗ ಕುಂಟೆ ನಿಲ್ಲಿಸಿ, ಬದುವಿನ ಮೇಲೆ ಕೂತು ಉತ್ತರ ಹೇಳುವ ಹಿರಿಯರಿದ್ದರೆ ಎರಡು ಎಕರೆಯೂ ವಿದ್ಯಾಲಯ. ಅವರಿಲ್ಲದಿದ್ದರೆ ಇಪ್ಪತ್ತು ಎಕರೆಯೂ ಬರಿ ದುಡಿಮೆ.

ನಮ್ಮ ಹಿರಿಯರಿಗೆ ಹೊಲದ ಮೇಲೆ ಮುನಿಸಿದೆ, ಬಲ್ಲೆ. ಬೆಲೆ ಸಿಗದ ಸೋಯಾ, ಒಣಗಿದ ಬಾವಿ, ತೀರದ ಸಾಲ ಕಂಡವರು “ನಮ್ಮಂಗ ಮಣ್ಣಾಗ ಇರಬ್ಯಾಡಪಾ” ಎಂದು ಮಗನನ್ನು ನಗರದ ಹಾಸ್ಟೆಲಿಗೆ ಕಳಿಸುತ್ತಾರೆ. ಕಳಿಸಲಿ. ಆದರೆ ತಾವು ಕಲಿತದ್ದಕ್ಕೆ ಬೆಲೆಯೇ ಇಲ್ಲ ಎಂದು ಮಗುವಿನ ಮುಂದೆ ಹೇಳದಿರಲಿ.

ಎಳ್ಳಮವಾಸ್ಯೆಗೆ ಬುತ್ತಿ ಕಟ್ಟಿಕೊಂಡು ಹೇಗೂ ಹೊಲಕ್ಕೆ ಹೋಗುತ್ತೀರಿ. ಬಜ್ಜಿ, ರೊಟ್ಟಿ, ಅಂಬಲಿ ಆದಮೇಲೆ ಮೂವತ್ಮೂರು ಅಡಿಯ ಒಂದು ಹಗ್ಗ ತೆಗೆದು, ಅದರ ತುದಿಯನ್ನು ಮಗುವಿನ ಕೈಗೆ ಕೊಡಿ.