ಸ್ಪೀಕರಿಗೊಂದು ಘಟಶ್ರಾದ್ಧ

ಪೌರೋಹಿತ್ಯದಲ್ಲಿ ತಲೆ ನರೆತವನು ನಾನು. ನಾಮಕರಣದಿಂದ ವೈಕುಂಠ ಸಮಾರಾಧನೆಯವರೆಗೆ ಎಲ್ಲವನ್ನೂ ಮಾಡಿಸಿದ್ದೇನೆ. ಕೇಳಿದರೂ ಒಪ್ಪದೆ ಬಿಟ್ಟದ್ದು ಘಟಶ್ರಾದ್ಧ ಒಂದನ್ನೇ. ಅನಂತಮೂರ್ತಿಯವರ ಕತೆಯಿಂದ, 1977ರಲ್ಲಿ ಗಿರೀಶ ಕಾಸರವಳ್ಳಿ ಮಾಡಿದ ಸಿನಿಮಾದಿಂದ ಆ ಹೆಸರು ಎಲ್ಲರ ಕಿವಿಗೂ ಬಿದ್ದಿದೆ. ವಿಧಿ ಏನೆಂಬುದು ಮಾತ್ರ ಹೆಚ್ಚಿನವರಿಗೆ ತಿಳಿಯದು. ಮನುಸ್ಮೃತಿಯ 11ನೇ ಅಧ್ಯಾಯದಲ್ಲಿ ಅದು ಬರುತ್ತದೆ. ಪತಿತನಾದವನು ಇನ್ನೂ ಬದುಕಿದ್ದಾನೆ. ಆದರೂ ನೆಂಟರೆಲ್ಲ ಒಂದು ಕೆಟ್ಟ ದಿನದ ಸಂಜೆ ಊರ ಹೊರಗೆ ಸೇರಿ, ಗುರುಗಳ, ಋತ್ವಿಜರ ಎದುರು ಅವನಿಗೆ ಉದಕ ಬಿಡಬೇಕು. ನೀರು ತುಂಬಿದ ಕೊಡವನ್ನು ದಾಸಿಯೊಬ್ಬಳು ಕಾಲಿನಿಂದ ಒದ್ದು ಉರುಳಿಸಬೇಕು. ಒಂದು ಹಗಲು, ಒಂದು ರಾತ್ರಿ ಸೂತಕ. ಆಮೇಲೆ ಅವನೊಡನೆ ಮಾತಿಲ್ಲ, ಒಟ್ಟಿಗೆ ಕೂರುವುದಿಲ್ಲ, ಆಸ್ತಿಯಲ್ಲಿ ಪಾಲಿಲ್ಲ.

ಇಷ್ಟು ಕಠಿಣವಾದ ವಿಧಿಗೆ ಕಾರಣ ಸಂಸರ್ಗದೋಷ. ಪತಿತನ ಜೊತೆ ಒಂದು ವರ್ಷ ಒಡನಾಡಿದವನೂ ಪತಿತನೇ ಆಗುತ್ತಾನೆ ಎಂದು ಅದೇ ಅಧ್ಯಾಯ ಹೇಳುತ್ತದೆ. ಒಬ್ಬನನ್ನು ಉಳಿಸಿಕೊಂಡರೆ ಮನೆಮಂದಿಯೆಲ್ಲ ಕೆಡುತ್ತಾರೆ ಎಂಬ ಭಯ.

ಈ ಶ್ಲೋಕಗಳು ಮತ್ತೆ ತಲೆಗೆ ಹತ್ತಿದ್ದು ಕ್ಯಾಲಿಫೋರ್ನಿಯಾದಲ್ಲಿ, ಮಗನ ಮನೆಯಲ್ಲಿ. ಅಡುಗೆಮನೆಯ ಕಟ್ಟೆಯ ಮೇಲೆ ಅವನು ಮದುವೆಗೆ ಮುಂಚೆ ಕೊಂಡ ವೈಫೈ ಸ್ಪೀಕರ್ ಇದೆ. ಒಗ್ಗರಣೆಯ ಹೊಗೆ ಕುಡಿದು ಅದರ ಜಾಲರಿ ಹಳದಿಗಟ್ಟಿದೆ, ಧ್ವನಿ ಮಾತ್ರ ಇವತ್ತಿಗೂ ಗಂಭೀರ. ದೇವರ ಮೂಲೆಗೂ ಹಾಲಿಗೂ ಸೊಸೆ ತಂದದ್ದು ಅದೇ ಕಂಪನಿಯ ಹೊಸ ಸ್ಪೀಕರುಗಳು. ಹೊಸವೆರಡೂ ಒಂದೇ ಉಸಿರಿನಲ್ಲಿ ಹಾಡುತ್ತವೆ. ಹಳೆಯದಕ್ಕೆ ಆ ಗುಂಪಿನಲ್ಲಿ ಜಾಗವಿಲ್ಲ, ಅದಕ್ಕೆ ಬೇರೆಯೇ ಆ್ಯಪ್. ಒಂದು ಶನಿವಾರ ಬೆಳಿಗ್ಗೆ ಇಬ್ಬರೂ ತಂತಮ್ಮ ಫೋನಿನಿಂದ ಒಂದೇ ವಿಷ್ಣುಸಹಸ್ರನಾಮವನ್ನು ಒಟ್ಟಿಗೆ ಶುರುಮಾಡಿ ನೋಡಿದರು. ಅಡುಗೆಮನೆಯದು ಅರ್ಧ ನಾಮ ಹಿಂದೆ ಬಿತ್ತು. ರುದ್ರ ಹೇಳುವಾಗ ಎರಡು ಊರಿನ ವೈದಿಕರು ಒಂದೇ ಸ್ವರಕ್ಕೆ ಬಾರದೆ ಒಬ್ಬರನ್ನೊಬ್ಬರು ಎಳೆದಾಡುತ್ತಾರಲ್ಲ, ಥೇಟ್ ಹಾಗೆ. ನಡುಮನೆಯಲ್ಲಿ ನಿಂತರೆ ಯಾವ ನಾಮವೂ ಪೂರ್ತಿ ಕೇಳದು.

"ಕೆಟ್ಟಿದೆಯೇನೋ?" ಎಂದೆ.

"ಕೆಟ್ಟಿಲ್ಲ ಅಪ್ಪ. ಎಲ್ಲ ಸ್ಪೀಕರೂ ಒಂದೇ ಗಡಿಯಾರ ನೋಡ್ಕೊಂಡು ಹಾಡ್ಬೇಕು. ಹೊಸದು ನೋಡೋ ಗಡಿಯಾರ ಇದಕ್ಕೆ ಕಾಣ್ಸಲ್ಲ, ಅಷ್ಟೆ."

ಕೆಟ್ಟಿಲ್ಲ ಎಂಬ ಆ ಮಾತು ನನ್ನನ್ನು ಹಿಡಿದುಕೊಂಡಿತು. ಆಯಸ್ಕಾಂತ ನೆಟ್ಟಗಿದೆ, ಸುರುಳಿ ನೆಟ್ಟಗಿದೆ, ಕಾಗದದ ಶಂಕು ಹರಿದಿಲ್ಲ. ನೈಯಾಯಿಕನನ್ನು ಕೂರಿಸಿ ಇದರಲ್ಲಿ ದೋಷ ಹುಡುಕು ಎಂದರೆ ದ್ರವ್ಯದಲ್ಲೂ ಸಿಗದು, ಗುಣದಲ್ಲೂ ಸಿಗದು. ದೋಷ ಇರುವುದು ಸಂಬಂಧದಲ್ಲಿ. ಬದುಕಿರುವುದನ್ನು ಸಂಬಂಧ ತಪ್ಪಿತೆಂಬ ಒಂದೇ ಕಾರಣಕ್ಕೆ ಸತ್ತಿದೆ ಎಂದು ಸಾರುವ ಅಧಿಕಾರ ಯಾರಿಗಿದೆ? ಧರ್ಮಶಾಸ್ತ್ರದಲ್ಲಿ ಇದು ಹಳೆಯ ಪ್ರಶ್ನೆ. ಸ್ಪೀಕರ್ ಕಂಪನಿಗಳು ಅದನ್ನು ನಮ್ಮ ಕಾಲದಲ್ಲಿ ಹೊಸದಾಗಿ ಎದುರಿಸಿದವು.

ಮಗ ಹೇಳಿದ, ಆಮೇಲೆ ನಾನೂ ಕೂತು ಓದಿದ ಪ್ರಕರಣ ಬೇರೊಂದು ಕಂಪನಿಯದು, ಸೋನೋಸ್. 2020ರ ಜನವರಿಯಲ್ಲಿ ಅದೊಂದು ಪ್ರಕಟಣೆ ಹೊರಡಿಸಿತು. 2005ರಲ್ಲಿ ಮಾರಾಟಕ್ಕೆ ಬಂದ ತನ್ನ ಮೊದಲ ಝೋನ್‌ಪ್ಲೇಯರ್‌ನಿಂದ ಹಿಡಿದು ಮೊದಲ ತಲೆಮಾರಿನ ಪ್ಲೇ:5ರವರೆಗೆ ಹಲವು ಹಳೆಯ ಉಪಕರಣಗಳಿಗೆ ಮೇ ತಿಂಗಳ ನಂತರ ಹೊಸ ಸಾಫ್ಟ್‌ವೇರ್ ಇಲ್ಲ. ಅವುಗಳ ಮೆಮೊರಿ, ಲೆಕ್ಕ ಹಾಕುವ ಶಕ್ತಿ ಇನ್ನು ಸಾಲದು. ಅಲ್ಲಿಯವರೆಗೆ ಸರಿ, ಮುದುಕರಾದವರಿಗೆ ಎಲ್ಲವೂ ಆಗುವುದಿಲ್ಲ. ಬೆಂಕಿ ಹತ್ತಿದ್ದು ಮುಂದಿನ ಮಾತಿಗೆ: ಮನೆಯ ಎಲ್ಲ ಸ್ಪೀಕರುಗಳೂ ಒಂದೇ ಸಾಫ್ಟ್‌ವೇರ್ ಮೇಲೆ ನಡೆಯಬೇಕಾದ್ದರಿಂದ, ಹಳೆಯದರ ಜೊತೆ ಕೂಡಿಕೊಂಡಿರುವ ಹೊಸದಕ್ಕೂ ಅಪ್‌ಡೇಟ್ ನಿಲ್ಲುತ್ತದೆ. ಇದು ಅಪ್ಪಟ ಸಂಸರ್ಗದೋಷ. ಮನುವಿಗೆ ಒಂದು ವರ್ಷದ ಒಡನಾಟ ಬೇಕಿತ್ತು, ಇಲ್ಲಿ ಅಷ್ಟು ಕಾಯುವುದೂ ಇಲ್ಲ.

ಕೊಡ ಒದೆಯುವ ವಿಧಿಯನ್ನೂ ಅವರು ಅದಕ್ಕಿಂತ ಮುಂಚೆಯೇ ಸಿದ್ಧಮಾಡಿಟ್ಟಿದ್ದರು. ಹೆಸರು ರೀಸೈಕಲ್ ಮೋಡ್. ಹಳೆಯದನ್ನು ಈ ಸ್ಥಿತಿಗೆ ತಂದರೆ ಹೊಸದರ ಬೆಲೆಯಲ್ಲಿ ನೂರಕ್ಕೆ 30 ರಿಯಾಯಿತಿ. ಆ್ಯಪ್‌ನಲ್ಲಿ ಒಮ್ಮೆ ಒಪ್ಪಿಗೆ ಒತ್ತಿದರೆ 21 ದಿನದ ಎಣಿಕೆ ಶುರು. ಎಣಿಕೆ ಮುಗಿದ ಮೇಲೆ ಆ ಸ್ಪೀಕರ್ ಯಾರ ಮನೆಯಲ್ಲೂ, ಎಂದೆಂದಿಗೂ ಹಾಡುವುದಿಲ್ಲ. ಮಧ್ಯದಲ್ಲಿ ಮನಸ್ಸು ಬದಲಾದರೂ ಹಿಂದಕ್ಕೆ ತರುವ ಹಾಗಿರಲಿಲ್ಲ. ಚೆನ್ನಾಗಿರುವ ಯಂತ್ರವನ್ನು ಬಡವರಾರೋ ಕೊಂಡು ಬಳಸುವ ದಾರಿಯೂ ಮುಚ್ಚಿತು.

ಮನುಸ್ಮೃತಿಯನ್ನು ಸಮರ್ಥಿಸುವ ಚಪಲ ನನಗಿಲ್ಲ. ಅದರಲ್ಲಿ ಓದಿ ನಾಚಬೇಕಾದದ್ದು ಬೇಕಾದಷ್ಟಿದೆ. ಕೊಡ ಒದೆಯುವ ಕೆಲಸವನ್ನು ದಾಸಿಗೆ ಹಚ್ಚಿದ್ದೂ ಅದರಲ್ಲೊಂದು. ಆದರೆ ಎರಡು ಮೂರು ಶ್ಲೋಕ ದಾಟಿದರೆ ಅಲ್ಲೇ ಇನ್ನೊಂದು ವಿಧಿ ಸಿಗುತ್ತದೆ. ಹೊರಹಾಕಿಸಿಕೊಂಡವನು ಪ್ರಾಯಶ್ಚಿತ್ತ ಮಾಡಿಕೊಂಡು ಬಂದರೆ ನೆಂಟರೆಲ್ಲ ಅವನೊಡನೆ ಪುಣ್ಯಜಲಾಶಯದಲ್ಲಿ ಮುಳುಗೆದ್ದು, ನೀರು ತುಂಬಿದ ಹೊಸ ಕೊಡವನ್ನು ಅವನ ಜೊತೆ ಸೇರಿ ನೀರಿಗೆ ಹಾಕಬೇಕು. ಅಲ್ಲಿಂದ ಅವನು ಮೊದಲಿನಂತೆ ಮನೆಯವನು. ಮಗಳು ಅನ್ಯಜಾತಿಯ ಹುಡುಗನನ್ನು ಮದುವೆಯಾದಳೆಂದು ಘಟಶ್ರಾದ್ಧ ಮಾಡಿಸಿ ಎಂದು ತೀರ್ಥಹಳ್ಳಿ ಕಡೆಯ ಯಜಮಾನರೊಬ್ಬರು ಬಂದಾಗ ನಾನು ಈ ಶ್ಲೋಕವನ್ನೇ ತೆಗೆದು ತೋರಿಸಿದ್ದೆ. "ಕರ್ಕೊಳ್ಳೋದು ಹ್ಯಾಗೆ ಅಂತ ನಾನು ಕೇಳ್ಲಿಲ್ಲ ಭಟ್ರೇ" ಎಂದು ಎದ್ದು ಹೋದರು. ಬೇರೆ ಯಾರನ್ನೋ ಹಿಡಿದು ಮಾಡಿಸಿದರಂತೆ.

ಸೋನೋಸ್‌ನ ಕತೆ ಅಷ್ಟು ಕೆಟ್ಟದಾಗಿ ಮುಗಿಯಲಿಲ್ಲ. ಗ್ರಾಹಕರು ರೇಗಿದರು, ವಾರದೊಳಗೇ ಆಗಿನ ಮುಖ್ಯಸ್ಥ ಪ್ಯಾಟ್ರಿಕ್ ಸ್ಪೆನ್ಸ್ ಕ್ಷಮೆ ಕೇಳಿದರು. ಮಾರ್ಚಿಗೆ ರೀಸೈಕಲ್ ಮೋಡ್ ಹೋಯಿತು. ಜೂನಿನಲ್ಲಿ ಮನೆಯನ್ನೇ ಹಿಸ್ಸೆ ಮಾಡಿದರು. ಹೊಸವಕ್ಕೆ ಎಸ್2, ಹಳೆಯವಕ್ಕೆ ಎಸ್1. ಎರಡೂ ಒಂದೇ ಸೂರಿನಡಿ ಹಾಡಬಹುದು, ಒಂದೇ ಗುಂಪಿನಲ್ಲಿ ಕೂಡಿ ಹಾಡುವಂತಿಲ್ಲ. ಇನ್ನೂ ಉದಾರವಾದ ನಡತೆಯೂ ಈ ಲೋಕದಲ್ಲಿ ಉಂಟು. ಆಪಲ್‌ನವರು 2018ರ ಏಪ್ರಿಲ್‌ನಲ್ಲಿ ಏರ್‌ಪೋರ್ಟ್ ಎಕ್ಸ್‌ಪ್ರೆಸ್ ಎಂಬ ಪೆಟ್ಟಿಗೆಗೆ ಕೊನೆ ಹೇಳಿದರು. ಸ್ಪೀಕರಿಗೆ ವೈರು ಚುಚ್ಚಿ ವೈಫೈ ಮೂಲಕ ಹಾಡಿಸುತ್ತಿದ್ದ ಪೆಟ್ಟಿಗೆ ಅದು. ನಾಲ್ಕು ತಿಂಗಳು ಕಳೆದ ಮೇಲೆ, 2012ರ ಆ ಮಾದರಿಗೆ ಏರ್‌ಪ್ಲೇ 2 ಕಲಿಸುವ ಸಾಫ್ಟ್‌ವೇರನ್ನು ಅವರೇ ಕಳಿಸಿಕೊಟ್ಟರು. ಹೊಸ ಸ್ಪೀಕರುಗಳ ಸಾಲಿನಲ್ಲಿ ಅದಕ್ಕೂ ಎಲೆ ಹಾಕಿದಂತಾಯಿತು. ಯಾರೂ ಕೇಳದೆ ತಂದಿಟ್ಟ ಹೊಸ ಕೊಡ ಅದು.

ಹೊರಗಿಡುವವರ ಭಯ ಬರೀ ಸುಳ್ಳಲ್ಲ ಎಂಬುದನ್ನೂ ಹೇಳಬೇಕು. ಅಪ್‌ಡೇಟ್ ನಿಂತ ಯಂತ್ರ ಅಗುಳಿ ಸಡಿಲಾದ ಬಾಗಿಲೇ ಸರಿ. ಅದರೊಳಗಿಂದ ಕಳ್ಳ ನುಗ್ಗಿದರೆ ಮನೆಯ ಉಳಿದ ಯಂತ್ರಗಳಿಗೂ ಅಪಾಯ. ಅದಕ್ಕೇ ಮಗ ಅಡುಗೆಮನೆಯದನ್ನು ರೂಟರಿನಲ್ಲಿ ಅತಿಥಿಗಳಿಗೆಂದು ಇರುವ ಬೇರೆ ವೈಫೈಗೆ ಹಾಕಿದ. ಆ ಮನೆಗೆ ಎಲ್ಲರಿಗಿಂತ ಮೊದಲು ಬಂದದ್ದು ಈಗ ಅಲ್ಲಿ ಅತಿಥಿ. ಬೆಳಿಗ್ಗೆ ಸುಪ್ರಭಾತ, ಮಧ್ಯಾಹ್ನ ನನಗೋಸ್ಕರ ಕ್ರಿಕೆಟ್ ಕಾಮೆಂಟರಿ. ನನಗಿದು ಸರಿಯೆನಿಸಿತು. ಎದ್ದು ಬೇರೆ ಸಾಲಿಗೆ ಹೋಗು ಎನ್ನುವುದು ಬೇರೆ, ನೀನು ಸತ್ತೆ ಎನ್ನುವುದು ಬೇರೆ ಎಂದು ಊಟಕ್ಕೆ ಕೂತಾಗ ಹೇಳಿದೆ.

ಸೊಸೆ ಸುಮ್ಮನೆ ಕೇಳಿಕೊಳ್ಳುವವಳಲ್ಲ. "ಹಾಗಾದ್ರೆ ಪಂಕ್ತಿಭೇದ ಸರೀನಾ ಮಾವ?"

"ಸ್ಪೀಕರಿಗೆ ಸರಿ. ತನ್ನನ್ನ ಬೇರೆ ಕೂರಿಸಿದ್ದಾರೆ ಅಂತ ಅದಕ್ಕೆ ಗೊತ್ತಾಗಲ್ಲವಲ್ಲ. ಮನುಷ್ಯರಿಗೆ ತಪ್ಪು."

"ಅದಕ್ಕೆ ಗೊತ್ತಾಗಲ್ಲ ಅಂದ್ಮೇಲೆ ಸತ್ತೆ ಅಂದ್ರೂ ಒಂದೇ ಅಲ್ವಾ? ಘಟಶ್ರಾದ್ಧ ಯಾಕೆ ತಂದ್ರಿ ಮಧ್ಯೆ?"

ಹುಳಿ ಕಲಸುತ್ತ ಸ್ವಲ್ಪ ಯೋಚಿಸಬೇಕಾಯಿತು. ಘಟಶ್ರಾದ್ಧ ನಡೆಯುವಾಗ ಹೊರಬಿದ್ದವನು ಅಲ್ಲಿ ಇರುವುದೇ ಇಲ್ಲ, ಎಂದೆ. ಅವನು ಯಾವುದೋ ಊರಿನಲ್ಲಿ ಅನ್ನ ಬೇಯಿಸಿಕೊಂಡಿರುತ್ತಾನೆ, ಕೊಡ ಉರುಳಿದ್ದು ಅವನಿಗೆ ತಿಳಿಯದೆಯೂ ಹೋಗಬಹುದು. ವಿಧಿ ನಡೆಯುವುದು ಸುತ್ತ ನಿಂತವರ ಮೇಲೆ. ಬದುಕಿರುವವನಿಗೆ ನೀರು ಬಿಡಲು ಕಲಿಯುವವರು ಅವರು, ಸ್ನಾನ ಮಾಡಿ ಮನೆಗೆ ಹೋಗಿ ಉಣ್ಣುವವರೂ ಅವರೇ. ಆದರೂ ಕೊಡಕ್ಕೆ ತಮ್ಮ ಕಾಲು ತಾಗಿಸಲು ಅವರಿಗೆ ಮನಸ್ಸಾಗಲಿಲ್ಲ, ದಾಸಿಯನ್ನು ಕರೆದರು. ಸೋನೋಸ್‌ನವರೂ ಗುಂಡಿಯನ್ನು ತಾವಾಗಿ ಒತ್ತಲಿಲ್ಲ. ನೂರಕ್ಕೆ 30 ಬಿಟ್ಟು, ಆ ಸ್ಪೀಕರಿನ ಹಾಡು ಕೇಳಿದವನ ಕೈಯಲ್ಲೇ ಒತ್ತಿಸಿದರು.

"ನಾನಾದ್ರೆ ಒತ್ತಿಬಿಡ್ತಿದ್ದೆ" ಎಂದು ಅವಳು ಮಜ್ಜಿಗೆ ಬಡಿಸಿದಳು. ಮಗ ತಾನು ಒತ್ತುತ್ತಿರಲಿಲ್ಲ ಎಂದ. ಆ ಮಾತು ಇಬ್ಬರ ನಡುವೆ ಇನ್ನೂ ಇತ್ಯರ್ಥವಾಗಿಲ್ಲ.