ಮತ್ತೆ ಮೊದಲ ಬಸ್ಕಿ

ಹುಬ್ಬಳ್ಳಿಯ ತಾರಿಹಾಳ ಕೈಗಾರಿಕಾ ಪ್ರದೇಶದಲ್ಲಿ ಶಿಫ್ಟು ಬಿಡುವ ಹೊತ್ತಿಗೆ ಚಹಾದಂಗಡಿ ಮುಂದೆ ನಿಂತರೆ, ನಲವತ್ತು ದಾಟಿದ ಗಂಡಸರ ಬಾಯಲ್ಲಿ ಇಂಥ ಮಾತು ಬರುತ್ತದೆ: "ಒಂದು ಕಾಲಕ್ಕ ಐನೂರು ಬಸ್ಕಿ ಹೊಡೀತಿದ್ನಿರಿ." ಸುಳ್ಳೆನ್ನಲಾಗದು. ಗರಡಿಮನೆಯಲ್ಲಿ ಸಾಮು ಮಾಡಿ, ಜಾತ್ರೆಯ ಕಣದಲ್ಲಿ ಕೆಮ್ಮಣ್ಣು ಹಚ್ಚಿಕೊಂಡು ಬೆಳೆದ ಸೀಮೆ ಇದು. ಮದುವೆ, ಮಕ್ಕಳು, ರಾತ್ರಿಪಾಳಿ ಬಂದ ಮೇಲೆ ಸಾಮು ನಿಂತಿತು. ಪೈಲ್ವಾನನ ಊಟ ಮಾತ್ರ ನಿಲ್ಲಲಿಲ್ಲ. ಈಗ್ಯಾಕೆ ಬಿಟ್ಟಿರಿ ಎಂದು ಕೇಳಿದರೆ "ಸೊಂಟ ಹಿಡಕೊಂಡೈತ್ರಿ" ಎನ್ನುತ್ತಾರೆ. ನಿದ್ದೆ ಬಾರದ್ದು, ಸಣ್ಣದಕ್ಕೂ ಸಿಟ್ಟೇರುವುದು, ಮನೆಯಲ್ಲಿ ಯಾರೊಡನೆಯೂ ಮಾತು ಬೇಡವಾಗುವುದು, ಎಲ್ಲವನ್ನೂ ಸೊಂಟದ ಲೆಕ್ಕಕ್ಕೇ ಬರೆಯುವುದು ಗಂಡಸರ ರೂಢಿ.

ಅವರನ್ನು ತಡೆಯುವುದು ಸೊಂಟಕ್ಕಿಂತ ಹೆಚ್ಚಾಗಿ ಆ ಐನೂರರ ನೆನಪು ಎಂದು ನನಗನಿಸುತ್ತದೆ. ಐನೂರು ಹೊಡೆದವನಿಗೆ ಹತ್ತಕ್ಕೇ ಏದುಸಿರು ಬಂದರೆ ಅವಮಾನ. ಆ ಅವಮಾನಕ್ಕೆ ಹೆದರಿ ಒಂದನ್ನೂ ಹೊಡೆಯುವುದಿಲ್ಲ. ಕಸುವು ಹೋದ ಮೇಲೂ ಕಸುವಿನ ಹಮ್ಮು ಉಳಿಯುತ್ತದೆ. ಗಂಡಸಿನ ಮೈಗೂ ಮನಸ್ಸಿಗೂ ಅದರಷ್ಟು ಕೇಡು ಮಾಡುವುದು ಕಡಿಮೆ.

ಕಳೆದುಕೊಂಡ ಕಸುವು ಎಷ್ಟು, ಮರಳಿ ಬರುವುದೆಷ್ಟು ಎಂಬುದಕ್ಕೆ ಅಮೆರಿಕದ ಡಲ್ಲಾಸಿನಲ್ಲಿ ನಡೆದ ಪ್ರಯೋಗವೊಂದಿದೆ. 1966ರಲ್ಲಿ 20 ವರ್ಷದ ಐವರು ಯುವಕರನ್ನು ಮೂರು ವಾರ ಹಾಸಿಗೆಯಲ್ಲೇ ಮಲಗಿಸಿದರು. ದುಡಿಯುವಾಗ ದೇಹ ಆಮ್ಲಜನಕ ಬಳಸುವ ಗರಿಷ್ಠ ಸಾಮರ್ಥ್ಯ ಕಾಲುಭಾಗಕ್ಕೂ ಹೆಚ್ಚು ಕುಸಿಯಿತು. ಮೂವತ್ತು ವರ್ಷದ ನಂತರ ಅದೇ ಐವರನ್ನು ಪರೀಕ್ಷಿಸಿದಾಗ ಮೈಕೊಬ್ಬು ಸರಾಸರಿ ಇಮ್ಮಡಿಯಾಗಿತ್ತು, ಆದರೂ ಆ ಸಾಮರ್ಥ್ಯಕ್ಕೆ ವಯಸ್ಸು ಮಾಡಿದ ಹಾನಿ ಆ ಮೂರು ವಾರದ ಹಾಸಿಗೆಯ ಹಾನಿಗಿಂತ ಕಡಿಮೆ. ಆರು ತಿಂಗಳು ನಡಿಗೆ, ನಿಧಾನದ ಓಟ, ಸೈಕಲ್ಲು ಎಂದು ಮೆಲ್ಲಗೆ ಏರಿಸುತ್ತ ಹೋದರು. ಸರಾಸರಿಯಲ್ಲಿ ಇಪ್ಪತ್ತರ ಪ್ರಾಯದ ಮಟ್ಟಕ್ಕೆ ಮರಳಿದರು. ಐವರ ಮೇಲಿನ ಪ್ರಯೋಗ ಬಹಳ ಚಿಕ್ಕದು, ನಿಜ. ಆದರೆ "ಇನ್ನೇನ್ ಆಗೂದೈತಿ ಬಿಡ್ರಿ" ಎನ್ನುವವರ ಬಾಯಿ ಕಟ್ಟಲು ಸಾಕು.

ಮೈಯ ಮಾತು ಇದಾದರೆ, ಮನಸ್ಸಿನ ಮಾತಿಗೆ ನನಗೆ ನೆನಪಾಗುವವರು ಯೋಗಗುರು ಬಿ.ಕೆ.ಎಸ್. ಅಯ್ಯಂಗಾರರು. ಕೋಲಾರ ಸೀಮೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಆ ಹುಡುಗನಿಗೆ ಮಲೇರಿಯಾ, ಟೈಫಾಯ್ಡು, ಕ್ಷಯ ಒಂದರ ಹಿಂದೊಂದು ಬಂದವು. ಸಣಕಲು ಕೈಕಾಲು, ಎತ್ತಿ ನಿಲ್ಲಿಸಲಾಗದ ತಲೆ. ಮೈಸೂರಿನಲ್ಲಿ ಭಾವ ಟಿ. ಕೃಷ್ಣಮಾಚಾರ್ಯರ ಬಳಿ ಆಸನ ಕಲಿತು, 1936ರಲ್ಲಿ ಗುರುವಿನ ಜೊತೆ ನಮ್ಮ ಕಡೆ ಬಂದರು. ಧಾರವಾಡದ ಹೆಂಗಸರು ಯೋಗ ಕಲಿಯಬೇಕೆಂದಾಗ, ಎಲ್ಲರಿಗಿಂತ ಕಿರಿಯನೆಂದು ಅವರನ್ನೇ ಕಲಿಸಲು ಹಾಕಿದರು. ಮರುವರ್ಷ ಬೆಳಗಾವಿಯ ಸಿವಿಲ್ ಸರ್ಜನ್ ಆಗಿದ್ದ ಡಾ. ವಿ.ಬಿ. ಗೋಖಲೆಯವರ ಪ್ರಯತ್ನದಿಂದ ಯೋಗ ಕಲಿಸಲು ಪುಣೆಗೆ ಹೋದರು. ಅಲ್ಲಿ ಕಾಲೇಜು ಹುಡುಗರು ಮೈಕಟ್ಟಿನಲ್ಲೂ ಓದಿನಲ್ಲೂ ಇವರಿಗಿಂತ ಮುಂದೆ; ಇವರಿಗೆ ಮರಾಠಿ ಬಾರದು, ಇಂಗ್ಲಿಷು ಅಷ್ಟಕ್ಕಷ್ಟೆ. ಹೊಟ್ಟೆಗಿಲ್ಲದ ದಿನಗಳಲ್ಲೂ ತಾಸುಗಟ್ಟಲೆ ಅಭ್ಯಾಸ ಬಿಡಲಿಲ್ಲ.

ಇಷ್ಟನ್ನು ಎಲ್ಲರೂ ಹೇಳುತ್ತಾರೆ. ನನಗೆ ದೊಡ್ಡದೆನಿಸುವುದು 1979. ಜಗತ್ತೆಲ್ಲ ಗುರುವೆಂದು ಒಪ್ಪಿದ ಮೇಲೆ, ಅರವತ್ತರ ವಯಸ್ಸಿನಲ್ಲಿ ಸ್ಕೂಟರ್ ಅಪಘಾತವಾಗಿ ಭುಜ, ಬೆನ್ನು ಜಖಂ ಆದವು. ನಿನ್ನೆ ಸಲೀಸಾಗಿ ಬಂದ ಆಸನ ಇಂದು ಬಾರದು. ಹಳೆಯ ಕೀರ್ತಿಯ ಮೇಲೆ ಕೂತು ಪಾಠ ಹೇಳಿಕೊಂಡಿರಬಹುದಿತ್ತು, ಯಾರೂ ಬೇಡವೆನ್ನುತ್ತಿರಲಿಲ್ಲ. ಅವರು ಹೊಸ ಶಿಷ್ಯನಂತೆ ಸಾದಾ ಆಸನಗಳಿಂದ ಮತ್ತೆ ಆರಂಭಿಸಿ, ವರ್ಷಗಟ್ಟಲೆ ಶ್ರಮಿಸಿದರು. 2014ರಲ್ಲಿ 95ರ ವಯಸ್ಸಿಗೆ ತೀರಿಕೊಂಡರು. ತೊಂಬತ್ತು ದಾಟಿದ ಮೇಲೂ ಅಭ್ಯಾಸ ನಡೆದೇ ಇತ್ತು. ಎಂಬತ್ತು ವರ್ಷದ ರೂಢಿ ಅವರಿಗೆ ಕೊಟ್ಟದ್ದು ಬಾಗುವ ಬೆನ್ನಷ್ಟೇ ಅಲ್ಲ. ಎಲ್ಲರೆದುರು ಕಲಿಯುವವನಾಗಿ ನಿಲ್ಲುವ ಧೈರ್ಯವನ್ನೂ ಕೊಟ್ಟಿತು.

ತಾರಿಹಾಳದ ನಮ್ಮ ಅಣ್ಣಂದಿರಿಗೆ ಬೇಕಾದದ್ದು ಆ ಧೈರ್ಯವೇ. ಮಗ ನೋಡುತ್ತಿದ್ದಾನೆಂದು ಹಿಂಜರಿಯುವುದು ಬೇಡ. ಅಪ್ಪನ ಕಾಲು ನಡುಗುವುದನ್ನೂ, ಮರುದಿನ ಅಪ್ಪ ಮತ್ತೆ ನಿಲ್ಲುವುದನ್ನೂ ಅವನು ನೋಡಲಿ. ಬಹಳ ವರ್ಷ ಬಿಟ್ಟವರು ಮೊದಲು ಬಿ.ಪಿ., ಸಕ್ಕರೆ ತೋರಿಸಿಕೊಂಡು, ಕೆಲವು ವಾರ ಬರೀ ನಡೆಯಲಿ. ಪಾಳಿ ಮುಗಿಸಿ ಬಂದವರು ನಿದ್ದೆಗೆಟ್ಟು ನಸುಕಿಗೇ ಗರಡಿಗೆ ಓಡಬೇಕಿಲ್ಲ. ಮಲಗಿ ಎದ್ದು ಸಂಜೆ ಹೋದರೂ ನಡೆಯುತ್ತದೆ.