ಸಿಗುವ ತನಕ



ನವೆಂಬರ್ 2ರಂದು, ಮೃತ ವಿಶ್ವಾಸಿಗಳ ಸ್ಮರಣೆಯ ಬಲಿಪೂಜೆ ಮುಗಿದ ಮೇಲೆ ನಾವೆಲ್ಲ ಸಮಾಧಿಭೂಮಿಗೆ ಹೋಗುತ್ತೇವೆ. ಮಳೆಗಾಲದ ಹುಲ್ಲು ಕಿತ್ತು, ಸಮಾಧಿಗೆ ಸುಣ್ಣ ಬಳಿದು, ಹೂವಿಟ್ಟು, ಮೇಣದ ಬತ್ತಿ ಹಚ್ಚಿ, ಒಂದೊಂದು ಕುಟುಂಬವೂ ತಮ್ಮವರ ಬಳಿ ನಿಂತಿರುತ್ತದೆ. ಗುರುಗಳು ತೀರ್ಥ ಚಿಮುಕಿಸುತ್ತಾ ಸಾಲಿನಿಂದ ಸಾಲಿಗೆ ಬರುತ್ತಾರೆ. ನಾನು ಹಿಂದೆ ಸೇವೆ ಸಲ್ಲಿಸಿದ ಒಂದು ಧರ್ಮಕೇಂದ್ರದಲ್ಲಿ ಒಬ್ಬ ತಾಯಿ ಮಾತ್ರ ಯಾವ ಸಮಾಧಿಯ ಬಳಿಯೂ ನಿಲ್ಲುತ್ತಿರಲಿಲ್ಲ. ನಡುವಿನ ದೊಡ್ಡ ಶಿಲುಬೆಯ ಕೆಳಗೆ ಬತ್ತಿ ಹಿಡಿದು ನಿಂತಿರುತ್ತಿದ್ದರು. ಒಂದು ಆಟಿ ತಿಂಗಳ ಸಂಜೆ ಕೂಲಿ ಕೆಲಸ ಮುಗಿಸಿ ಬರುತ್ತಿದ್ದ ಅವರ ಮಗ, ಅಡಿಕೆ ಮರದ ಕಾಲುಸಂಕದಿಂದ ತುಂಬಿದ ಹಳ್ಳಕ್ಕೆ ಜಾರಿದವನು ಮತ್ತೆ ಸಿಕ್ಕಲಿಲ್ಲ. ಕೊಡೆ ಸಿಕ್ಕಿತು, ಅಷ್ಟೆ.

ಮಗ ಹೋಗಿ ಒಂದು ತಿಂಗಳಾದ ಮೇಲೆ ಆ ತಾಯಿ ನನ್ನ ಬಳಿ ಬಂದು, ಮಗನಿಗಾಗಿ ಒಂದು ಪೂಜೆ ಮಾಡಬೇಕು ಎಂದರು. ನಾನು ಆಗಷ್ಟೇ ಗುರುದೀಕ್ಷೆ ಪಡೆದು ಬಂದವನು. ಸೆಮಿನರಿಯಲ್ಲಿ ಓದಿದ ಧರ್ಮಸಭೆಯ ಕಾನೂನು ತಲೆಯಲ್ಲಿ ಹಸಿಯಾಗಿತ್ತು. ದೇಹ ಸಿಕ್ಕಿಲ್ಲ, ಮರಣ ಖಚಿತವಾಗಿಲ್ಲ, ಹಾಗಿರುವಾಗ ಮೃತರ ಪೂಜೆ ಹೇಗೆ? "ಸ್ವಲ್ಪ ಕಾಯುವ ಬಾಯಿ" ಎಂದೆ. ಅವರು ನನ್ನ ಮುಖ ನೋಡಿ, "ಕಾಯುವುದನ್ನು ನಾನು ಮಾಡುತ್ತಿದ್ದೇನೆ ಫಾದರ್. ಪೂಜೆ ನೀವು ಮಾಡಿ" ಎಂದರು.

ನಾನು ಓದಿದ್ದು ತಪ್ಪಲ್ಲ, ಅದನ್ನು ತಂದು ಇಟ್ಟ ಜಾಗ ತಪ್ಪು. ಕಾಣೆಯಾದ ಗಂಡನ ಅಥವಾ ಹೆಂಡತಿಯ ಮರಣವನ್ನು ಧರ್ಮಸಭೆ ಸುಲಭವಾಗಿ ಒಪ್ಪುವುದಿಲ್ಲ. ಎಷ್ಟು ವರ್ಷ ಕಳೆದರೂ ಬರೀ ಗೈರುಹಾಜರಿ ಸಾಲದು. ವಿಚಾರಣೆ ನಡೆಸಿ, ಸಾಕ್ಷಿ ಕೇಳಿ, ನೈತಿಕ ನಿಶ್ಚಯ ಮೂಡಿದ ಮೇಲೆಯೇ ಧರ್ಮಾಧ್ಯಕ್ಷರು ಅದನ್ನು ಘೋಷಿಸಬಹುದು ಎನ್ನುತ್ತದೆ ಕಾನೂನು ಸಂಹಿತೆಯ 1707ನೇ ವಿಧಿ. ಇದು ಮರುಮದುವೆಯ ಪ್ರಶ್ನೆ ಬಂದಾಗಿನ ಮಾತು. ಆ ತಾಯಿ ಕೇಳಿದ್ದು ಪೂಜೆ. ಜೀವಂತರಿರಲಿ ಮೃತರಿರಲಿ, ಯಾರಿಗಾಗಿಯೂ ಬಲಿಪೂಜೆ ಅರ್ಪಿಸಲು ಗುರುಗಳಿಗೆ ಸ್ವಾತಂತ್ರ್ಯವಿದೆ ಎಂದು ಅದೇ ಸಂಹಿತೆಯ 901ನೇ ವಿಧಿ ಹೇಳುತ್ತದೆ. ನಾನು ಅದನ್ನೂ ಓದಿದ್ದೆ. ಬೇಕಾದ ಹೊತ್ತಿಗೆ ನೆನಪಾಗಲಿಲ್ಲ. ಮಾರನೆಯ ದಿನ ಪೂಜೆ ಅರ್ಪಿಸಿದೆ.

2024ರ ಜುಲೈ 16ರಂದು ಉತ್ತರ ಕನ್ನಡದ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಜರಿದಾಗ ಆ ತಾಯಿಯ ನೆನಪು ನನಗೆ ಬಲವಾಗಿ ಬಂತು. ಸುರಿಯುವ ಮಳೆಯ ನಡುವೆ ಗುಡ್ಡ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಬಿದ್ದು, ಹೆದ್ದಾರಿಯನ್ನೂ ದಾಟಿ ಗಂಗಾವಳಿ ನದಿಗೆ ಇಳಿಯಿತು. ರಸ್ತೆ ಬದಿಯಲ್ಲಿ ಚಹಾದ ಅಂಗಡಿ ನಡೆಸುತ್ತಿದ್ದ ಕುಟುಂಬ ಹೋಯಿತು. ನಿಂತಿದ್ದ ವಾಹನಗಳು ಹೋದವು. ನದಿಗೆ ಬಿದ್ದ ಮಣ್ಣಿನ ಹೊಡೆತಕ್ಕೆ ಉಕ್ಕಿದ ನೀರು ಎದುರು ದಡದ ಉಳುವರೆಯ ಮನೆಗಳನ್ನೂ ಬಡಿದು ಕೆಡವಿತು. ಒಟ್ಟು 11 ಮಂದಿ. ಜುಲೈ ಮುಗಿಯುವುದರೊಳಗೆ 8 ಮಂದಿಯ ದೇಹಗಳು ಸಿಕ್ಕಿದವು. ಮೂವರು ಸಿಗಲಿಲ್ಲ: ಕೇರಳದ ಒಬ್ಬ ಲಾರಿ ಚಾಲಕ, ಅದೇ ಸೀಮೆಯ ಇಬ್ಬರು.

ಆ ಹುಡುಕಾಟವನ್ನು ನೀವೂ ಟಿ.ವಿ.ಯಲ್ಲಿ ನೋಡಿದ್ದೀರಿ. ವಿಪತ್ತು ಪರಿಹಾರ ದಳದವರು, ಸೇನೆಯವರು, ನೌಕಾಪಡೆಯ ಮುಳುಗುಗಾರರು, ನಮ್ಮ ಕರಾವಳಿಯವರೇ ಆದ ಈಶ್ವರ್ ಮಲ್ಪೆ, ನೆಲದಡಿಯನ್ನು ನೋಡುವ ರೇಡಾರ್, ಎಲ್ಲವೂ ಬಂದವು. ನದಿಯ ಸೆಳೆತಕ್ಕೆ ಮುಳುಗುಗಾರರು ನಿಲ್ಲುವಂತಿರಲಿಲ್ಲ. ಜುಲೈ ಕೊನೆಗೆ ಕೆಲಸ ನಿಂತಿತು, ಆಗಸ್ಟಿನಲ್ಲಿ ಮತ್ತೆ ಶುರುವಾಯಿತು, ಮತ್ತೆ ನಿಂತಿತು. ಸೆಪ್ಟೆಂಬರಿನಲ್ಲಿ ಗೋವಾದಿಂದ ಹೂಳೆತ್ತುವ ದೊಡ್ಡ ಯಂತ್ರ ತಂದರು. ಸೆಪ್ಟೆಂಬರ್ 25ರಂದು, ಅಂದರೆ 71 ದಿನಗಳ ನಂತರ, ಲಾರಿಯೂ ಅದರ ಕ್ಯಾಬಿನಿನಲ್ಲಿ ಚಾಲಕನ ದೇಹವೂ ಸಿಕ್ಕಿತು. ಡಿ.ಎನ್.ಎ. ಪರೀಕ್ಷೆಯಾದ ಮೇಲೆ ದೇಹ ಮನೆಗೆ ಹೋಯಿತು. ಉಳಿದಿಬ್ಬರು ಆ ದಿನವೂ ಸಿಕ್ಕಿರಲಿಲ್ಲ.

ಆ ದಿನಗಳಲ್ಲಿ ಒಬ್ಬರು ನನ್ನಲ್ಲಿ ಕೇಳಿದರು: "ಸತ್ತವನು ಸತ್ತ. ಒಂದು ದೇಹಕ್ಕೋಸ್ಕರ ಇಷ್ಟು ಖರ್ಚು ಯಾಕೆ ಫಾದರ್? ಆತ್ಮಕ್ಕೆ ದೇಹ ಬೇಕಾ?" ಒಳ್ಳೆಯ ಪ್ರಶ್ನೆಯೇ. ಸುಮಾರು ಕ್ರಿ.ಶ. 421ರಲ್ಲಿ ನೋಲಾದ ಧರ್ಮಾಧ್ಯಕ್ಷ ಸಂತ ಪೌಲಿನುಸರು ಸಂತ ಆಗಸ್ಟೀನರಿಗೆ ಇಂಥದ್ದೇ ಒಂದು ಸಂಶಯ ಬರೆದು ಕಳುಹಿಸಿದ್ದರು. ಒಬ್ಬ ತಾಯಿ ತನ್ನ ಮಗನ ದೇಹವನ್ನು ಸಂತ ಫೆಲಿಕ್ಸರ ದೇವಾಲಯದಲ್ಲಿ ಇಡಬೇಕೆಂದು ಬಯಸಿದ್ದಳು. ಇದರಿಂದ ಸತ್ತವನಿಗೆ ಲಾಭವೇನು ಎಂಬುದು ಪ್ರಶ್ನೆ. ಆಗಸ್ಟೀನರ ಉತ್ತರಕ್ಕೆ ಎರಡು ಮುಖ. ಸಮಾಧಿ ಸಿಗದಿದ್ದರೆ ವಿಶ್ವಾಸಿಗೆ ಯಾವ ನಷ್ಟವೂ ಇಲ್ಲ. ದೇವರಿಗೆ ಪುನರುತ್ಥಾನಗೊಳಿಸಲು ನಮ್ಮ ಗುರುತಿನ ಕಲ್ಲು ಬೇಡ. ಹಾಗಿದ್ದರೂ ದೇಹವನ್ನು ಎಸೆಯುವಂತಿಲ್ಲ. ತಂದೆಯ ಉಂಗುರವನ್ನೋ ಬಟ್ಟೆಯನ್ನೋ ಮಕ್ಕಳು ಜೋಪಾನ ಮಾಡುವುದಾದರೆ, ಅದಕ್ಕಿಂತ ಹತ್ತಿರವಾಗಿದ್ದ ದೇಹವನ್ನು ಕಡೆಗಣಿಸುವುದು ಹೇಗೆ? ಹೊಳೆ ನುಂಗಿದ ಮಗನಿಗಾಗಿ ಅಳುವ ತಾಯಿಗೆ ನಾವು ಮೊದಲನೆಯ ಮುಖವನ್ನು ಹೇಳಬಹುದು. ಹುಡುಕಬೇಕಾದವರಿಗೆ ಎರಡನೆಯದನ್ನೇ ಹೇಳಬೇಕು. ಅದಲು ಬದಲಾದರೆ ಧರ್ಮವೇ ಸೋಮಾರಿತನಕ್ಕೆ ನೆಪವಾಗುತ್ತದೆ.

ಸತ್ತವರನ್ನು ಹೂಳುವುದು ದೈಹಿಕ ಕರುಣೆಯ ಏಳು ಕಾರ್ಯಗಳಲ್ಲಿ ಒಂದೆಂದು ನಾವು ಧರ್ಮೋಪದೇಶದ ತರಗತಿಯಲ್ಲಿ ಬಾಯಿಪಾಠ ಮಾಡಿದ್ದೇವೆ. ಹೂಳಬೇಕಾದರೆ ಮೊದಲು ಹುಡುಕಬೇಕಲ್ಲ? ನಿನೆವೆಯ ಗೋಡೆಯ ಹೊರಗೆ ಎಸೆದಿದ್ದ ತನ್ನ ಜನರ ದೇಹಗಳನ್ನು ತೋಬಿತನು ಕದ್ದು ತಂದು ಹೂಳುತ್ತಿದ್ದ, ಅದೂ ಅರಸನ ಕೋಪಕ್ಕೆ ಹೆದರದೆ. ಅವನ ಕಥೆ ನಿಮಗೆ ಗೊತ್ತು. ಇನ್ನೊಬ್ಬಳ ಕಥೆ ನಮ್ಮ ಪ್ರವಚನಗಳಲ್ಲಿ ಕೇಳಿಬರುವುದು ಕಡಿಮೆ.

ಸಮುವೇಲನ ಎರಡನೆಯ ಗ್ರಂಥದ 21ನೇ ಅಧ್ಯಾಯ ತೆರೆಯಿರಿ. ದಾವೀದನ ಕಾಲದಲ್ಲಿ ಮೂರು ವರ್ಷ ಬರಗಾಲ. ಸೌಲ ಅರಸನು ಗಿಬ್ಯೋನ್ಯರನ್ನು ಕೊಂದ ಪಾಪವೇ ಅದಕ್ಕೆ ಕಾರಣವೆಂದು ತಿಳಿದು, ದಾವೀದನು ಸೌಲನ ವಂಶದ ಏಳು ಮಂದಿಯನ್ನು ಅವರ ಕೈಗೆ ಒಪ್ಪಿಸುತ್ತಾನೆ. ಅವರು ಆ ಏಳು ಮಂದಿಯನ್ನು ಗುಡ್ಡದ ಮೇಲೆ ಕೊಂದು ತೂಗುಹಾಕುತ್ತಾರೆ. ಅವರಲ್ಲಿ ಇಬ್ಬರು ಸೌಲನ ಉಪಪತ್ನಿ ರಿಚ್ಪಾಳ ಮಕ್ಕಳು. ಅವಳು ಗೋಣಿತಟ್ಟನ್ನು ಬಂಡೆಯ ಮೇಲೆ ಹಾಸಿಕೊಂಡು ಕೂತುಬಿಟ್ಟಳು, ಜವೆಗೋದಿಯ ಸುಗ್ಗಿ ಶುರುವಾದಾಗಿನಿಂದ ಮಳೆ ಬೀಳುವ ತನಕ. ಹಗಲಿಗೆ ಹಕ್ಕಿ ಬಾರದಂತೆ, ರಾತ್ರಿಗೆ ಕಾಡುಪ್ರಾಣಿ ಬಾರದಂತೆ ಕಾದಳು. ಇಡೀ ಅಧ್ಯಾಯದಲ್ಲಿ ಅವಳು ಒಂದು ಮಾತೂ ಆಡುವುದಿಲ್ಲ. ಮನವಿ ಕೊಟ್ಟವಳಲ್ಲ, ಧರಣಿ ಕೂತವಳೂ ಅಲ್ಲ. ಆದರೂ ಸುದ್ದಿ ಅರಮನೆಗೆ ಮುಟ್ಟಿತು.

ಆಗ ದಾವೀದನು ಏನು ಮಾಡಿದ? ಕಾವಲುಗಾರರನ್ನು ಕಳುಹಿಸಿ ಅವಳನ್ನು ಎಬ್ಬಿಸಲಿಲ್ಲ. ತಾನೇ ಹೋಗಿ ಯಾಬೇಷ್ ಗಿಲ್ಯಾದಿನಲ್ಲಿದ್ದ ಸೌಲನ ಹಾಗೂ ಯೋನಾತಾನನ ಎಲುಬುಗಳನ್ನು ತರಿಸಿದ, ಗುಡ್ಡದ ಮೇಲೆ ಸತ್ತವರ ಎಲುಬುಗಳನ್ನೂ ಕೂಡಿಸಿದ, ಅವರ ಹಿರಿಯ ಕೀಷನ ಸಮಾಧಿಯಲ್ಲಿ ಹೂಳಿಸಿದ. ನಾಡಿಗಾಗಿ ಮಾಡಿದ ಪ್ರಾರ್ಥನೆಯನ್ನು ದೇವರು ಲಾಲಿಸಿದ್ದು ಅದಾದ ಮೇಲೆ ಎಂದು ಪವಿತ್ರ ಗ್ರಂಥ ಹೇಳುತ್ತದೆ. ಏಳು ಮಂದಿ ಸತ್ತೊಡನೆ ದೇವರು ಲಾಲಿಸಿದರೆಂದು ಅಲ್ಲಿ ಬರೆದಿಲ್ಲ. ಎಲುಬುಗಳನ್ನು ಗೌರವದಿಂದ ಮನೆಗೆ ಸೇರಿಸಿದ ಮೇಲೆ. ಆ ಮಕ್ಕಳ ಸಾವಿನಲ್ಲಿ ದಾವೀದನ ಕೈಯೂ ಇತ್ತು ಎಂಬುದನ್ನೂ ಮರೆಯಬಾರದು. ಹೆದ್ದಾರಿಗಾಗಿ ಗುಡ್ಡವನ್ನು ನೆಟ್ಟಗೆ ಕಡಿದು ಬಿಟ್ಟ ಕಾಲದಲ್ಲಿ ಆಳುವವರಿಗೂ, ಆ ರಸ್ತೆಯಲ್ಲಿ ಹಾಯಾಗಿ ಓಡಾಡುವ ನಮಗೂ ಆ ಮಾತು ಚುಚ್ಚಬೇಕು.

ಶಿರೂರಿನಲ್ಲಿ ಸರಕಾರ ಏನೂ ಮಾಡಲಿಲ್ಲ ಎಂದರೆ ಅನ್ಯಾಯವಾದೀತು. ಮುಖ್ಯಮಂತ್ರಿ ಸ್ಥಳಕ್ಕೆ ಬಂದರು, ಯಂತ್ರ ತಂದರು, ಎರಡು ತಿಂಗಳ ನಂತರವೂ ಕೈಬಿಡಲಿಲ್ಲ. ಆದರೆ ಮೊದಲ ದಿನಗಳಲ್ಲಿ ಹೆದ್ದಾರಿ ತೆರೆಯುವ ಅವಸರ ಹೆಚ್ಚಿತ್ತೋ ಮನುಷ್ಯರನ್ನು ಹುಡುಕುವ ಅವಸರವೋ ಎಂದು ಜನ ಕೇಳಿದ್ದರು. ಚಾಲಕನ ಪರವಾಗಿ ಕೇರಳದ ಮುಖ್ಯಮಂತ್ರಿ ಕಾಗದ ಬರೆದರು, ಅಲ್ಲಿನ ಪತ್ರಿಕೆ, ಟಿ.ವಿ.ಗಳು ದಡದಲ್ಲೇ ಬೀಡುಬಿಟ್ಟವು. ಅದು ತಪ್ಪಲ್ಲ, ಅವನಿಗಾಗಿ ಕೇಳುವವರು ಇದ್ದರು. ನೋವು ಇರುವುದು ಇನ್ನೊಂದು ಕಡೆ. ಕೇಳುವ ಕ್ಯಾಮರಾ ಇಲ್ಲದ ಮನೆಯವರೂ ಅದೇ ದಡದಲ್ಲಿ ನಿಂತಿದ್ದರು. ನೂರು ಕುರಿಗಳಲ್ಲಿ ಕಳೆದುಹೋದ ಒಂದನ್ನು ಹುಡುಕಿ ಹೋದ ಕುರುಬನ ಸಾಮತಿ ಸಂತ ಲೂಕರ ಶುಭಸಂದೇಶದಲ್ಲಿದೆ. ಅದು ಸಿಗುವ ತನಕ ಹುಡುಕುತ್ತಾನೆ ಎನ್ನುತ್ತಾರೆ ಪ್ರಭು. ಅದು ಯಾರ ಕುರಿ, ಎಷ್ಟು ಬೆಲೆಯದು ಎಂಬ ಮಾತೇ ಅಲ್ಲಿ ಇಲ್ಲ.

ಹುಡುಕಾಟ ಒಂದು ದಿನ ನಿಲ್ಲಲೇಬೇಕು, ಅದು ನನಗೂ ಗೊತ್ತು. 2020ರ ಆಗಸ್ಟಿನಲ್ಲಿ ತಲಕಾವೇರಿಯ ಗುಡ್ಡ ಕುಸಿದು ಅರ್ಚಕರ ಮನೆಯೇ ಹೋದಾಗ ವಾರಗಟ್ಟಲೆ ಅಗೆದರೂ ಎಲ್ಲರ ದೇಹ ಸಿಗಲಿಲ್ಲ. ಮುಳುಗುಗಾರನ ಜೀವಕ್ಕೂ ಬೆಲೆ ಇದೆ. ಆದರೆ ನಿಲ್ಲಿಸುವ ಮಾತನ್ನು ಮನೆಯವರ ಮುಖ ನೋಡಿ, ಕಾರಣ ತಿಳಿಸಿ ಹೇಳುವುದು ಬೇರೆ. ಮರುದಿನದ ಪತ್ರಿಕೆಯಲ್ಲಿ ಅವರು ಓದಿ ತಿಳಿಯುವುದು ಬೇರೆ.

ನಿಂತ ಮೇಲೆ ಕಾಗದದ ಕಷ್ಟ ಶುರುವಾಗುತ್ತದೆ. ಇದರ ಬಗ್ಗೆ ಧರ್ಮಪೀಠದಿಂದ ಮಾತಾಡುವವರು ಇಲ್ಲ, ಆದ್ದರಿಂದ ನಾನು ಹೇಳುತ್ತೇನೆ. ಪ್ರಕೃತಿ ವಿಕೋಪದಲ್ಲಿ ಸತ್ತವರ ಕುಟುಂಬಕ್ಕೆ ವಿಪತ್ತು ಪರಿಹಾರ ನಿಧಿಯ ನಿಯಮದಂತೆ 4 ಲಕ್ಷ ರೂಪಾಯಿ ಸಿಗುತ್ತದೆ. ಆದರೆ ಸತ್ತದ್ದಕ್ಕೆ ಅಧಿಕೃತ ದೃಢೀಕರಣ ಬೇಕು. ಕಾಣೆಯಾದವನು ಕಾಗದದಲ್ಲಿ ಸತ್ತವನಲ್ಲ. ಏಳು ವರ್ಷ ಸುದ್ದಿಯಿಲ್ಲದಿದ್ದರೆ ಸತ್ತನೆಂದು ಭಾವಿಸುವುದು ನಮ್ಮ ಸಾಕ್ಷ್ಯ ಕಾಯ್ದೆಯ ಹಳೆಯ ಕ್ರಮ. 2024ರ ಜುಲೈ 1ರಿಂದ ಬಂದ ಹೊಸ ಅಧಿನಿಯಮದಲ್ಲೂ ಅದು ಉಳಿದಿದೆ. ಆ ಏಳು ವರ್ಷ ಬ್ಯಾಂಕಿನ ಖಾತೆ, ಜಾಗದ ಪಹಣಿ, ವಿಧವಾ ವೇತನ ಎಲ್ಲದಕ್ಕೂ ಬೀಗ. ನಾನು ಮೊದಲು ಹೇಳಿದ ತಾಯಿ ಒಂದು ಕಚೇರಿಯ ಬಾಗಿಲಿಗೆ ಎಷ್ಟು ಸಲ ಹೋದರೋ ಲೆಕ್ಕವಿಲ್ಲ. "ಬಾಡಿ ಸಿಕ್ಕಿದರೆ ಬನ್ನಿ" ಎಂದು ಅಲ್ಲಿ ಯಾರೋ ಹೇಳಿದರಂತೆ. ನಿಯಮ ಹೇಳಿದ್ದು, ಬೈದದ್ದಲ್ಲ. ಅವರಿಗೆ ಮಾತ್ರ ಬೈದಂತೆಯೇ ಕೇಳಿಸಿತು.

ಮನಸ್ಸಿದ್ದರೆ ದಾರಿ ಇದೆ ಎಂಬುದಕ್ಕೆ ನೆರೆಯ ವಯನಾಡು ಸಾಕ್ಷಿ. 2024ರ ಜುಲೈ 30ರ ನಸುಕಿನಲ್ಲಿ ಮುಂಡಕೈ, ಚೂರಲ್‌ಮಲೆಯ ಮೇಲೆ ಗುಡ್ಡ ಬಂತು. ನಮ್ಮ ರಾಜ್ಯದಿಂದ ದುಡಿಯಲು ಹೋದವರೂ ಅಲ್ಲಿ ಸತ್ತರು. ಚಾಲಿಯಾರ್ ಹೊಳೆ ದೇಹಗಳನ್ನು ನಿಲಂಬೂರಿನ ತನಕ ಒಯ್ದಿತ್ತು. ಗುರುತು ಸಿಗದವರನ್ನು ಪುತ್ತುಮಲೆಯಲ್ಲಿ ಸರ್ವಧರ್ಮ ಪ್ರಾರ್ಥನೆಯೊಡನೆ ಹೂಳಿದರು. ಪ್ರತಿ ಗುಂಡಿಗೆ ಒಂದು ಸಂಖ್ಯೆ, ಡಿ.ಎನ್.ಎ. ಹೊಂದಿಕೆಯಾದಾಗ ಸಂಖ್ಯೆಯ ಜಾಗಕ್ಕೆ ಹೆಸರು ಬರಲಿ ಎಂದು. 2025ರ ಜನವರಿಯಲ್ಲಿ ಕೇರಳ ಸರಕಾರ ಸಿಗದೇ ಉಳಿದ 32 ಮಂದಿಯ ಪಟ್ಟಿಯನ್ನು ಪರಿಶೀಲಿಸಿ, ಏಳು ವರ್ಷ ಕಾಯಿಸದೆ ಮರಣಪತ್ರ ಕೊಡುವ ಕ್ರಮ ಮಾಡಿತು. ದಾವೀದನು ಎಲುಬು ಕೂಡಿಸಿದ ಕೆಲಸದ ಇಂದಿನ ರೂಪವೆಂದರೆ ಇಂಥ ಪಟ್ಟಿ, ಇಂಥ ಪತ್ರ. ನಮ್ಮ ರಾಜ್ಯದಲ್ಲೂ ಗುಡ್ಡ ಜರಿದಾಗ, ನೆರೆ ಬಂದಾಗಲೆಲ್ಲ ಇದೇ ಕ್ರಮ ತಾನಾಗಿ ನಡೆಯಬೇಕೆಂದು ನಾವು ಕೇಳಬೇಕು. ಶಾಸಕರು ಇಗರ್ಜಿಯ ಹಬ್ಬಕ್ಕೆ ಬಂದಾಗ ಕಾಂಕ್ರೀಟು ರಸ್ತೆ, ಸಭಾಭವನ ಕೇಳುತ್ತೇವಲ್ಲ, ಅದರ ಜೊತೆಗೆ ಇದನ್ನೂ ಕೇಳೋಣ.

ಇದು ದೂರದ ಊರಿನ ಮಾತು ಎಂದು ತಿಳಿಯಬೇಡಿ. 1923ರ ದೊಡ್ಡ ಬೊಳ್ಳದ ಸುದ್ದಿಯನ್ನು ಬಂಟ್ವಾಳದ ಹಿರಿಯರು ತಮ್ಮ ಹಿರಿಯರಿಂದ ಕೇಳಿದ್ದಾರೆ. 1974ರದ್ದನ್ನು ಕಣ್ಣಾರೆ ಕಂಡವರು ಇನ್ನೂ ಇದ್ದಾರೆ. 2019ರ ಆಗಸ್ಟಿನಲ್ಲಿ ಚಾರ್ಮಾಡಿ, ದಿಡುಪೆ ಕಡೆ ಘಟ್ಟ ಜರಿದು ಹೊಳೆಗಳಲ್ಲಿ ಮರಮಟ್ಟು, ಮರಳು ತುಂಬಿ ತೋಟಗಳು ಮುಚ್ಚಿಹೋದದ್ದು ನಮ್ಮದೇ ತಾಲೂಕಿನಲ್ಲಿ. 1604ರಿಂದ ಬಾಹುಬಲಿ ನಿಂತು ನೋಡುತ್ತಿರುವ ನಮ್ಮ ವೇಣೂರಿನ ಫಲ್ಗುಣಿಯೂ ಬೇಸಿಗೆಯಲ್ಲಿ ಕಂಡಷ್ಟು ಸಾಧುವಲ್ಲ. ಮಳೆಗಾಲದಲ್ಲಿ ನಮ್ಮ ಒಂದೊಂದು ವಾರ್ಡಿನಲ್ಲೂ ಯಾರು ಕಾಲುಸಂಕ ದಾಟಿ ಬರುತ್ತಾರೆ, ಯಾರ ಮನೆ ಗುಡ್ಡದ ಬುಡದಲ್ಲಿದೆ ಎಂದು ಗುರ್ಕಾರರಿಗೆ ತಿಳಿದಿರಬೇಕು. ಯಾರಾದರೂ ಕಾಣೆಯಾದರೆ ಮೊದಲ ಗಂಟೆಯಲ್ಲೇ ಪೊಲೀಸರಿಗೂ ತಹಶೀಲ್ದಾರರಿಗೂ ತಿಳಿಸಿ, ದೂರಿನ ಪ್ರತಿ ಪಡೆದು ಜೋಪಾನ ಮಾಡಿ. ಮುಂದೆ ಎಲ್ಲ ಕಾಗದಕ್ಕೂ ಅದೇ ತಾಯಿಬೇರು. ಮತ್ತೆ ದಯವಿಟ್ಟು, "ಅವನು ಸಾಲ ಮಾಡಿ ಓಡಿಹೋಗಿರಬೇಕು" ಎಂಬ ಹರಟೆ ಅಂಗಡಿಯ ಜಗಲಿಯಲ್ಲಿ ಬೇಡ. ಆ ತಾಯಿಯ ಕಿವಿಗೂ ಅದು ಬಿದ್ದಿತ್ತು.

ಅವರು ಈಗ ಇಲ್ಲ. ಅವರ ಸಮಾಧಿಯ ಕಲ್ಲಿನಲ್ಲಿ ಮನೆಯವರು ಮಗನ ಹೆಸರನ್ನೂ ಕೆತ್ತಿಸಿದ್ದಾರೆ. ಹಾಗೆ ಮಾಡಬಹುದೇ ಎಂದು ನನ್ನನ್ನು ಫೋನಿನಲ್ಲಿ ಕೇಳಿದಾಗ, ಈ ಸಲ ನಾನು ಯಾವ ವಿಧಿಯನ್ನೂ ಹುಡುಕಲು ಹೋಗಲಿಲ್ಲ.

ಬರುವ ನವೆಂಬರ್ 2ರಂದು ಸಮಾಧಿಗಳ ಆಶೀರ್ವಾದ ಮುಗಿದ ಮೇಲೆ ನಾವು ದೊಡ್ಡ ಶಿಲುಬೆಯ ಬಳಿ ನಿಂತು, ಹೊಳೆಯಲ್ಲೋ ಕಡಲಲ್ಲೋ ಮಣ್ಣಿನಲ್ಲೋ ಹೋಗಿ ಸಿಗದೇ ಉಳಿದವರ ಹೆಸರುಗಳನ್ನು ಓದಿ ಪ್ರಾರ್ಥಿಸುವುದೆಂದು ಗೊತ್ತುಮಾಡಿದ್ದೇವೆ. ದೇಹ ಸಿಗದಾಗ ದರ್ಭೆಯ ಪ್ರತಿಕೃತಿ ಮಾಡಿ ಸಂಸ್ಕಾರ ನಡೆಸುವ ನಮ್ಮ ಹಿಂದೂ ನೆರೆಯವರ ಮನೆಗಳಲ್ಲೂ, ಬ್ಯಾರಿ ಬಂಧುಗಳ ಮನೆಗಳಲ್ಲೂ ಇಂಥ ಹೆಸರುಗಳಿರಬಹುದು. ಅವರು ಇಷ್ಟಪಟ್ಟರೆ ಆ ಹೆಸರುಗಳನ್ನೂ ತನ್ನಿ. ಅಕ್ಟೋಬರ್ ಕೊನೆಯ ಭಾನುವಾರದೊಳಗೆ ಚೀಟಿಯಲ್ಲಿ ಬರೆದು ಗುರುನಿವಾಸಕ್ಕೆ ಮುಟ್ಟಿಸಿದರೆ ಸಾಕು.